ಗುರುಕುಮಾರ ಪಂಚಾಕ್ಷರೇಶ್ವರ: ಪುಟ್ಟರಾಜ ಗವಾಯಿಗಳ ಅಂಕಿತ ಮತ್ತು ಪಿತೃವಿಯೋಗದ ಪ್ರಶ್ನೆ

ಪಂಡಿತ ಪುಟ್ಟರಾಜ ಗವಾಯಿಗಳು (1914–2010) ಹಾನಗಲ್ ತಾಲೂಕಿನ ದೇವಗಿರಿಯವರು. ತಂದೆ ರೇವಯ್ಯ ವೆಂಕಟಾಪುರಮಠ, ತಾಯಿ ಸಿದ್ದಮ್ಮ. ಕೂಸಾಗಿದ್ದಾಗಲೇ ತಂದೆ ತೀರಿಕೊಂಡರು. ಎಳವೆಯಲ್ಲೇ ಕಣ್ಣೂ ಹೋಯಿತು. ಸೋದರಮಾವ ಚಂದ್ರಶೇಖರಯ್ಯ ಸಾಕಿ, ಸಂಗೀತಗುರು ಪಂಚಾಕ್ಷರಿ ಗವಾಯಿಗಳಿಗೆ (1892–1944) ಒಪ್ಪಿಸಿದರು. ವಯಸ್ಸಿನ ಲೆಕ್ಕದಲ್ಲಿ ಅಲ್ಪಸ್ವಲ್ಪ ವ್ಯತ್ಯಾಸವಿದ್ದರೂ ಚರಿತ್ರೆಯ ಹಂದರ ಇದೇ.

ಚರ್ಚೆಗೆ ಆಸ್ಪದವಿರುವುದು ಈ ಹಂದರದಿಂದ ಹೊರಡಿಸುವ ತೀರ್ಮಾನದಲ್ಲಿ. ತಂದೆಯಿಲ್ಲದ ಮಗು ಗುರುವಿನಲ್ಲಿ ತಂದೆಯನ್ನು ಕಂಡಿತು, ಪುಟ್ಟರಾಜರ ವಚನಗಳಲ್ಲಿರುವ ‘ಗುರುಕುಮಾರ ಪಂಚಾಕ್ಷರೇಶ್ವರ’ ಎಂಬ ಅಂಕಿತವೇ ಅದಕ್ಕೆ ಸಾಕ್ಷಿ ಎಂಬ ಓದು ಭಕ್ತಿಚರಿತ್ರೆಗೆ ಒಗ್ಗುತ್ತದೆ. ಆದರೆ ಅಂಕಿತ ಅಷ್ಟು ಹೇಳುವುದಿಲ್ಲ.

ಅದರಲ್ಲಿರುವವರು ಇಬ್ಬರು. ‘ಕುಮಾರ’ ಎಂದರೆ 1909ರಲ್ಲಿ ಶಿವಯೋಗಮಂದಿರ ಸ್ಥಾಪಿಸಿದ ಹಾನಗಲ್ಲ ಕುಮಾರ ಸ್ವಾಮಿಗಳು. ಪಂಚಾಕ್ಷರಿ ಗವಾಯಿಗಳ ಸಂಗೀತಾಭ್ಯಾಸಕ್ಕೆ ಆಸರೆಯಾದವರು. ಇದೇ ಪರಂಪರೆಯ ಗದುಗಿನ ನಾಟ್ಯ ಸಂಘದ ಹೆಸರಿನಲ್ಲೂ ‘ಕುಮಾರೇಶ್ವರ ಕೃಪಾಪೋಷಿತ’ ಎಂಬುದು ಮೊದಲು, ಪಂಚಾಕ್ಷರಿ ಗವಾಯಿಗಳ ಹೆಸರು ಆಮೇಲೆ. ಸಂಘದ ಹೆಸರು ಒಬ್ಬರದೇ ಆಯ್ಕೆಯಾಗಿರಬೇಕಿಲ್ಲ. ಆದರೂ ಕ್ರಮ ಒಂದೇ ಆಗಿರುವುದು ಗಮನಾರ್ಹ. ಇಲ್ಲಿ ಸಿಗುವುದು ತಂದೆಯೊಬ್ಬನ ಬದಲಿ ಅಲ್ಲ, ಎರಡು ತಲೆಮಾರಿನ ಪರಂಪರೆ. ಹಾನಗಲ್ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟಿದ ಪಂಚಾಕ್ಷರಿ ಗವಾಯಿಗಳೂ ಅಂಧರು. ಅವರ ಮೊದಲ ಹೆಸರು ಗದಿಗೆಯ್ಯ. ಮನೆಯ ಹೆಸರು ಕಳಚಿ ಪರಂಪರೆಯ ಹೆಸರು ತೊಡುವುದು ಶಿಷ್ಯನಿಗಿಂತ ಮೊದಲು ಗುರುವಿನ ಬಾಳಿನಲ್ಲೇ ನಡೆದಿತ್ತು. ದೀಕ್ಷೆಯಿಂದ ಶಿಷ್ಯ ‘ಗುರುಕರಜಾತ’ (ಗುರುವಿನ ಕೈಯಲ್ಲಿ ಹುಟ್ಟಿದವ) ಆಗುತ್ತಾನೆಂಬ ವೀರಶೈವ ನಂಬಿಕೆಗೆ ತಬ್ಬಲಿತನ ಬೇಕಾಗಿಯೂ ಇಲ್ಲ.

ನೆರೆಯ ಶಿಗ್ಗಾಂವಿ ತಾಲೂಕಿನ ನಿದರ್ಶನಗಳೂ ಇದನ್ನೇ ಸೂಚಿಸುತ್ತವೆ. ಶಿಶುನಾಳ ಶರೀಫರು (1819–1889) ಎಳವೆಯಲ್ಲಿ ತಬ್ಬಲಿಯಾದವರಲ್ಲ. ತಂದೆ ಇಮಾಮ ಸಾಹೇಬರೇ ಮಗನನ್ನು ಕಳಸದ ಗೋವಿಂದಭಟ್ಟರಿಗೆ ಒಪ್ಪಿಸಿದರೆಂದು ಐತಿಹ್ಯ. ಅವರ ಹಾಡುಗಳಲ್ಲಿ ಗುರು ಗೋವಿಂದ ಮತ್ತೆ ಮತ್ತೆ ಬರುತ್ತಾನೆ. ಬಾಡದ ಕನಕದಾಸರಿಗೆ ಎಳೆಯ ವಯಸ್ಸಿನಲ್ಲೇ ತಂದೆ ಇಲ್ಲವಾದರೆಂದು ಪರಂಪರೆ ಹೇಳುತ್ತದೆ. ಅವರ ಅಂಕಿತ ಗುರು ವ್ಯಾಸರಾಯರದಲ್ಲ, ಕಾಗಿನೆಲೆಯ ಆದಿಕೇಶವನದು. ಎರಡೇ ನಿದರ್ಶನಗಳಿಂದ ನಿಯಮ ಕಟ್ಟಲಾಗದು. ಪಿತೃವಿಯೋಗಕ್ಕೂ ಗುರುನಾಮಕ್ಕೂ ನೇರ ಗಂಟು ಹಾಕುವುದು ಕಷ್ಟ ಎನ್ನುವಷ್ಟಕ್ಕೆ ಅವು ಸಾಕು.

ಹಾಗಾದರೆ ಪುಟ್ಟರಾಜರ ಗುರುತನ್ನು ರೂಪಿಸಿದ್ದು ತಂದೆಯ ಸಾವಿಗಿಂತ ಹೆಚ್ಚಾಗಿ ಅಂಧತ್ವ, ಮತ್ತು ಅಂಧರಾದ ಗುರು ಅಂಧ ಮಕ್ಕಳಿಗೆ ಕಟ್ಟಿದ ವೀರೇಶ್ವರ ಪುಣ್ಯಾಶ್ರಮ ಎನ್ನಬಹುದೆ? ಬಹುಶಃ ಹೌದು, ಆದರೆ ಅಂಕಿತವೊಂದರಿಂದ ಒಳಮನಸ್ಸನ್ನು ಪೂರ್ತಿ ಅಳೆಯಲಾಗದು, ಸಾವು ಏನನ್ನೂ ಉಳಿಸಲಿಲ್ಲ ಎಂದೂ ಇದರರ್ಥವಲ್ಲ. ಕೂಸಿಗೆ ತಂದೆಯ ನೆನಪಿರದು. ಅಗಲಿಕೆ ಅದಕ್ಕೆ ತಲುಪುವುದು ಹಿರಿಯರು ಹೇಳಿದ ಕಥೆಯಾಗಿ. ಎಳವೆಯ ವಿಯೋಗದ ಪರಿಣಾಮ ಆಮೇಲೆ ಸಿಕ್ಕ ಆರೈಕೆಯನ್ನು ಬಹಳಮಟ್ಟಿಗೆ ಅವಲಂಬಿಸುತ್ತದೆಂದು ಮನಶ್ಶಾಸ್ತ್ರಜ್ಞ ಜಾನ್ ಬೌಲ್ಬಿ 1980ರ ಗ್ರಂಥದಲ್ಲಿ ವಾದಿಸಿದ್ದರು. ಆ ಆರೈಕೆ ಮೊದಲು ದೊರೆತದ್ದು ಸೋದರಮಾವನಿಂದ. ಅಂಕಿತದಲ್ಲಾಗಲಿ ಸಂಘದ ಹೆಸರಿನಲ್ಲಾಗಲಿ ಆತನಿಗೆ ಜಾಗವಿಲ್ಲ.

ಅಂಕಿತ ಮೊದಲು ಬಳಕೆಯಾದದ್ದು ಗುರು ಬದುಕಿದ್ದಾಗಲೋ, 1944ರ ಅನಂತರವೋ ಎಂಬುದು ಇತ್ಯರ್ಥವಾಗಬೇಕು. ಅನಂತರವಾದರೆ ಅದರ ಹಿಂದಿರುವ ಅಗಲಿಕೆ ರೇವಯ್ಯನವರದಲ್ಲ, ಪಂಚಾಕ್ಷರಿ ಗವಾಯಿಗಳದು. ಅದಕ್ಕಾಗಿ ವಚನಗಳ ಕಾಲಾನುಕ್ರಮದ ಆವೃತ್ತಿಯೊಂದು ಬೇಕು.