ಇಂಗ್ಲೆಂಡಿನ ಜಂಟಿ ಮನೆ: ವಿಚ್ಛೇದನದ ನಂತರ ಯಾರಿಗೆ?

ಇಂಗ್ಲೆಂಡಿನಲ್ಲಿ ಗಂಡ ಹೆಂಡತಿ ಸೇರಿ ಕೊಂಡ ಮನೆ ವಿಚ್ಛೇದನವಾದ ಮಾತ್ರಕ್ಕೆ ಪಾಲಾಗುವುದಿಲ್ಲ. ಕಾಸರಗೋಡು, ವಯನಾಡಿನಿಂದ ಅಲ್ಲಿಗೆ ಹೋಗಿ ನೆಲೆಸಿದವರ ಮನೆಯವರು ಇದನ್ನು ತಿಳಿದಿರುವುದು ಒಳ್ಳೆಯದು. ಆಸ್ತಿ ಇತ್ಯರ್ಥಕ್ಕೆ ಬೇರೆಯೇ ಆದೇಶ ಪಡೆಯಬೇಕು. ಅದಕ್ಕೆ ಅರ್ಜಿ ಹಾಕುವ ಮೊದಲೇ ಮರುಮದುವೆಯಾದವರಿಗೆ ಆ ಹಕ್ಕು ಸಾಮಾನ್ಯವಾಗಿ ತಪ್ಪಿಹೋಗುತ್ತದೆ. ಸ್ವಂತ ಪಾಲು ಮಾತ್ರ ಉಳಿಯುತ್ತದೆ.

ಜಂಟಿ ಒಡೆತನದಲ್ಲಿ ಎರಡು ಬಗೆ. ಒಂದರಲ್ಲಿ ಇಬ್ಬರಿಗೂ ಪ್ರತ್ಯೇಕ ಪಾಲು. ಜಾಯಿಂಟ್ ಟೆನೆನ್ಸಿ ಎಂಬ ಇನ್ನೊಂದರಲ್ಲಿ ಒಬ್ಬರು ತೀರಿಕೊಂಡರೆ ಇಡೀ ಮನೆ ಇನ್ನೊಬ್ಬರಿಗೆ. ಉಯಿಲು ಬರೆದಿಟ್ಟರೂ ನಡೆಯದು, ವಿಚ್ಛೇದನದಿಂದಲೂ ಇದು ತಾನಾಗಿ ಮುರಿಯದು. ದಾವೆ ನಡೆಯುತ್ತಿರುವಾಗಲೇ ಸಾವು ಬಂದರೆ ಊರಿನಲ್ಲಿರುವ ತಾಯಿತಂದೆಗೆ ಆ ಮನೆಯಲ್ಲಿ ಏನೂ ಬಾರದು. ಬಿಡಿಸಿಕೊಳ್ಳಲು 1925ರ ಆಸ್ತಿ ಕಾನೂನಿನಂತೆ ಇನ್ನೊಬ್ಬರಿಗೆ ಲಿಖಿತ ನೋಟಿಸ್ ಕೊಟ್ಟರಾಯಿತು, ಅವರ ಒಪ್ಪಿಗೆ ಬೇಕಿಲ್ಲ. ಲ್ಯಾಂಡ್ ರಿಜಿಸ್ಟ್ರಿಯಲ್ಲೂ ಅದನ್ನು ದಾಖಲಿಸಬೇಕು.

1973ರ ವೈವಾಹಿಕ ದಾವೆಗಳ ಕಾಯಿದೆಯಡಿ ನ್ಯಾಯಾಲಯ ಮೊದಲು ನೋಡುವುದು 18 ತುಂಬದ ಮಕ್ಕಳ ಹಿತವನ್ನು. ಮನೆಯನ್ನು ಮಾರಿಸಬಹುದು, ಒಬ್ಬರ ಹೆಸರಿಗೆ ಮಾಡಿಸಬಹುದು, ಮಕ್ಕಳು ದೊಡ್ಡವರಾಗುವವರೆಗೆ ಮಾರಾಟ ತಡೆಯಬಹುದು. ಕಂತು ಕಟ್ಟಿದವರಿಗೇ ಹೆಚ್ಚು ಎಂಬ ಲೆಕ್ಕ ಅಲ್ಲಿಲ್ಲ. ದುಡಿದವರು, ಮನೆ ನೋಡಿಕೊಂಡವರು ಎಂಬ ಭೇದ ಸಲ್ಲದೆಂದು 2000ರಲ್ಲಿ ವೈಟ್ ಪ್ರಕರಣದಲ್ಲಿ ಹೌಸ್ ಆಫ್ ಲಾರ್ಡ್ಸ್ ಹೇಳಿದೆ. ಜಂಟಿ ಸಾಲಕ್ಕಾದರೋ, ಬ್ಯಾಂಕ್ ಬಿಡುಗಡೆ ಮಾಡುವವರೆಗೂ ಇಬ್ಬರೂ ಹೊಣೆ.

ಊರಿನಲ್ಲಿ ಹಿರಿಯರನ್ನು ಕೂರಿಸಿ ಬರೆದ ಪಾಲುಪಟ್ಟಿ ಅಲ್ಲಿನ ನ್ಯಾಯಾಲಯವನ್ನು ಕಟ್ಟಿಹಾಕದು. ಇಲ್ಲಿನ ಕೋರ್ಟಿಗೂ ಆ ಮನೆಯನ್ನು ಪಾಲು ಮಾಡುವ ಅಧಿಕಾರವಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 16ನೇ ಕಲಂ ಅನ್ವಯಿಸುವುದು ಭಾರತದೊಳಗಿನ ಸ್ಥಿರಾಸ್ತಿಗಷ್ಟೇ. ವಿಚ್ಛೇದನ ಇಲ್ಲಿಯೇ ಆಗಿದ್ದರೆ, ಇಂಗ್ಲೆಂಡಿನ 1984ರ ಕಾಯಿದೆಯಂತೆ ಅಲ್ಲಿನ ನ್ಯಾಯಾಲಯದ ಅನುಮತಿ ಪಡೆದು ಅರ್ಜಿ ಹಾಕಬೇಕು.