ಚಂದ್ರನ ಮೇಲೆ ನಡೆದ ಕೈಗಡಿಯಾರ: ಮಾರಬಹುದಾದದ್ದು, ಮಾರಬಾರದ್ದು



2015ರ ಅಕ್ಟೋಬರ್ 22ರಂದು ಅಮೆರಿಕದ ಬೋಸ್ಟನ್ ನಗರದ ಆರ್‌ಆರ್ ಆಕ್ಷನ್ ಎಂಬ ಹರಾಜು ಸಂಸ್ಥೆ ಒಂದು ಹಳೆಯ ಕೈಗಡಿಯಾರವನ್ನು ಹರಾಜು ಹಾಕಿತು. ಅದರಲ್ಲಿ ಚಿನ್ನವಿರಲಿಲ್ಲ, ವಜ್ರವಿರಲಿಲ್ಲ. ಉಕ್ಕಿನ ಕವಚದ, ಕೈಯಿಂದ ಕೀಲಿ ಕೊಡುವ ಸಾಧಾರಣ ಗಡಿಯಾರ. ಕೂಗು 50 ಸಾವಿರ ಡಾಲರಿನಿಂದ ಶುರುವಾಗಿ 16 ಲಕ್ಷ 25 ಸಾವಿರ ಡಾಲರಿಗೆ ನಿಂತಿತು. ಆಗಿನ ಲೆಕ್ಕದಲ್ಲಿ ನಮ್ಮ ಹತ್ತು ಕೋಟಿ ರೂಪಾಯಿಗೂ ಹೆಚ್ಚು. ಅದನ್ನು ಕಟ್ಟಿಕೊಂಡಿದ್ದವರು ಅಪೊಲೊ 15ರ ಕಮಾಂಡರ್ ಡೇವಿಡ್ ಸ್ಕಾಟ್. ಕಟ್ಟಿಕೊಂಡಿದ್ದ ಜಾಗ ಚಂದ್ರ.

ಈ ಗಡಿಯಾರದ ಕಥೆ ಹಣದ ಕಥೆಯಷ್ಟೇ ಆಗಿದ್ದರೆ ಇಲ್ಲಿ ಬರೆಯುವ ಅಗತ್ಯವಿರಲಿಲ್ಲ. ಅದೇ ಪ್ರಯಾಣದಲ್ಲಿ ಚಂದ್ರನಿಗೆ ಹೋಗಿಬಂದ ಇನ್ನೊಂದು ವಸ್ತುವಿನ ಮಾರಾಟ ಮೂವರು ಗಗನಯಾತ್ರಿಗಳ ಹೆಸರಿಗೆ ಕಪ್ಪು ಮಸಿ ಬಳಿಯಿತು. ಒಂದೇ ನೌಕೆ, ಅದೇ ಜನ. ಒಂದು ವಸ್ತುವಿನ ಮಾರಾಟಕ್ಕೆ ಚಪ್ಪಾಳೆ, ಇನ್ನೊಂದಕ್ಕೆ ಛೀಮಾರಿ. ಏಕೆ ಹೀಗಾಯಿತು ಎಂಬುದು ನಾವು ಯುವಜನರು ತಿಳಿಯಬೇಕಾದ ಚರಿತ್ರೆ.

ಪೈಲಟ್‌ಗಳ ಗಡಿಯಾರ

ಮೊದಲು ಕ್ರೋನೋಗ್ರಾಫ್ ಎಂದರೇನು ಎಂದು ನೋಡೋಣ. ಸಾಮಾನ್ಯ ಗಡಿಯಾರ ಈಗ ಗಂಟೆ ಎಷ್ಟು ಎಂದು ಹೇಳುತ್ತದೆ. ಕ್ರೋನೋಗ್ರಾಫ್ ಅದರ ಜೊತೆಗೆ, ಒಂದು ಕೆಲಸ ಶುರುವಾಗಿ ಎಷ್ಟು ಹೊತ್ತಾಯಿತು ಎಂದೂ ಹೇಳುತ್ತದೆ. ಪಕ್ಕದ ಗುಂಡಿ ಒತ್ತಿದರೆ ಒಂದು ಮುಳ್ಳು ಓಡಲು ಶುರು ಮಾಡುತ್ತದೆ, ಮತ್ತೆ ಒತ್ತಿದರೆ ನಿಲ್ಲುತ್ತದೆ, ಇನ್ನೊಂದು ಗುಂಡಿ ಒತ್ತಿದರೆ ಸೊನ್ನೆಗೆ ಮರಳುತ್ತದೆ. ಕಳೆದ ನಿಮಿಷ, ಗಂಟೆಗಳನ್ನು ಒಳಗಿನ ಪುಟ್ಟ ವೃತ್ತಗಳು ತೋರಿಸುತ್ತವೆ. ಇಷ್ಟು ಹೊತ್ತಿನಲ್ಲಿ ಎಷ್ಟು ದೂರ ಹಾರಿದೆ, ಎಷ್ಟು ಇಂಧನ ಉರಿಯಿತು ಎಂದು ಲೆಕ್ಕ ಹಾಕಬೇಕಾದ ವಿಮಾನ ಚಾಲಕರಿಗೆ ಇದು ಆಟಿಕೆಯಲ್ಲ, ಉಪಕರಣ.

ಸ್ಕಾಟ್ ಅಮೆರಿಕದ ವಾಯುಪಡೆಯ ಪೈಲಟ್. 1966ರಲ್ಲಿ ನೀಲ್ ಆರ್ಮ್‌ಸ್ಟ್ರಾಂಗ್ ಜೊತೆ ಜೆಮಿನಿ 8ರಲ್ಲಿ, 1969ರಲ್ಲಿ ಅಪೊಲೊ 9ರಲ್ಲಿ ಹಾರಿದ್ದರು. ಮೂರನೆಯ ಪ್ರಯಾಣವೇ ಅಪೊಲೊ 15. 1971ರ ಜುಲೈ 26ರಂದು ಹೊರಟ ಈ ನೌಕೆಯಲ್ಲಿ ಅವರೊಂದಿಗೆ ಜೇಮ್ಸ್ ಇರ್ವಿನ್ ಮತ್ತು ಆಲ್ಫ್ರೆಡ್ ವರ್ಡನ್ ಇದ್ದರು. ವರ್ಡನ್ ಚಂದ್ರನ ಸುತ್ತ ಕಕ್ಷೆಯಲ್ಲಿ ಉಳಿದರು. ಸ್ಕಾಟ್ ಮತ್ತು ಇರ್ವಿನ್ ಜುಲೈ 30ರಂದು ಹ್ಯಾಡ್ಲಿ ಕಣಿವೆಯ ಹತ್ತಿರ ಇಳಿದರು. ಚಂದ್ರನ ಮೇಲೆ ಮೊದಲ ಬಾರಿಗೆ ಗಾಡಿ ಓಡಿಸಿದ್ದು ಇವರೇ.

ನಾಸಾ ತನ್ನ ಯಾತ್ರಿಗಳಿಗೆ ಕೊಡುತ್ತಿದ್ದುದು ಸ್ವಿಟ್ಜರ್‌ಲ್ಯಾಂಡಿನ ಒಮೆಗಾ ಸ್ಪೀಡ್‌ಮಾಸ್ಟರ್. ಬಿಸಿ, ಚಳಿ, ಒತ್ತಡ, ಅದುರಾಟ ಎಲ್ಲ ಪರೀಕ್ಷೆಗಳ ನಂತರ 1965ರ ಮಾರ್ಚ್ 1ರಂದು ಅದಕ್ಕೆ ಒಪ್ಪಿಗೆ ಸಿಕ್ಕಿತ್ತು. ಆದರೆ ಚಂದ್ರನ ಮೇಲಿನ ಎರಡನೆಯ ನಡಿಗೆ ಮುಗಿಸಿ ಒಳಗೆ ಬಂದಾಗ ಸ್ಕಾಟ್ ತಮ್ಮ ಒಮೆಗಾದ ಮೇಲಿನ ಗಾಜು ಕಳಚಿ ಹೋಗಿದ್ದನ್ನು ಕಂಡರು. ಮರುದಿನ, ಆಗಸ್ಟ್ 2ರಂದು, ಮೂರನೆಯ ನಡಿಗೆಗೆ ಹೊರಟಾಗ ತಮ್ಮ ಬಳಿಯಿದ್ದ ಬುಲೋವಾ ಕ್ರೋನೋಗ್ರಾಫನ್ನು ಕಟ್ಟಿಕೊಂಡರು. ಪರೀಕ್ಷಿಸಿ ನೋಡಿ ಎಂದು ಬುಲೋವಾ ಕಂಪನಿಯ ಕಡೆಯವರು ಅವರಿಗೆ ಕೊಟ್ಟಿದ್ದ ಗಡಿಯಾರ ಅದು.

ಚಂದ್ರನ ಮೇಲೆ ಗಡಿಯಾರ ಏಕೆ ಅಷ್ಟು ಮುಖ್ಯ? ಅಲ್ಲಿ ಒಂದು ಹಗಲು ನಮ್ಮ ಸುಮಾರು ಹದಿನಾಲ್ಕು ದಿನಗಳಷ್ಟು ಉದ್ದ. ಸೂರ್ಯನನ್ನು ನೋಡಿ ಹೊತ್ತು ಹೇಳಲಾಗದು. ಬೆನ್ನಿನ ಪೆಟ್ಟಿಗೆಯಲ್ಲಿರುವ ಆಮ್ಲಜನಕ ಮತ್ತು ಉಡುಪನ್ನು ತಂಪಾಗಿಡುವ ನೀರು ಇಂತಿಷ್ಟೇ ಗಂಟೆ ಬರುತ್ತವೆ. ಎಷ್ಟು ದೂರ ಹೋಗಬಹುದು, ಯಾವಾಗ ತಿರುಗಬೇಕು ಎಂಬುದೆಲ್ಲ ಕಳೆದ ಸಮಯದ ಲೆಕ್ಕದ ಮೇಲೆ ನಿಂತಿದೆ.

ಆ ಒಂದು ಬೆಳಗಿನ ಕೆಲಸಗಳು

ಮೂರನೆಯ ನಡಿಗೆ ನಡೆದದ್ದು 4 ಗಂಟೆ 50 ನಿಮಿಷದಷ್ಟು. ಆ ಅವಧಿಯಲ್ಲಿ ಬುಲೋವಾ ಕಟ್ಟಿದ್ದ ಕೈಗಳು ಮಾಡಿದ ಕೆಲಸಗಳನ್ನು ನೋಡಿ.

ಸ್ಕಾಟ್ ಒಂದು ಕೈಯಲ್ಲಿ 1.32 ಕಿಲೋ ತೂಕದ ಸುತ್ತಿಗೆ, ಇನ್ನೊಂದರಲ್ಲಿ ಗಿಡುಗದ ಗರಿ ಹಿಡಿದು, ಟಿವಿ ಕ್ಯಾಮೆರಾದ ಮುಂದೆ ಒಟ್ಟಿಗೆ ಬಿಟ್ಟರು. ಗಾಳಿಯಿಲ್ಲದ ಚಂದ್ರನ ಮೇಲೆ ಎರಡೂ ಒಂದೇ ಕ್ಷಣಕ್ಕೆ ನೆಲ ಮುಟ್ಟಿದವು. ಗೆಲಿಲಿಯೊ ಹೇಳಿದ್ದು ನಿಜವೆಂದು ಜಗತ್ತು ಕಣ್ಣಾರೆ ಕಂಡಿತು. ಭೌತಶಾಸ್ತ್ರ ಓದಿದ ಯಾರಿಗಾದರೂ ಆ ಚಿತ್ರ ನೋಡಿದಾಗ ರೋಮಾಂಚನವಾಗುತ್ತದೆ.

ಅಮೆರಿಕದ ಅಂಚೆ ಇಲಾಖೆ ಅದೇ ದಿನ ಹೊರತಂದ ಅಂಚೆಚೀಟಿಯ ಲಕೋಟೆಗೆ ಚಂದ್ರನ ಮೇಲೆಯೇ ಮುದ್ರೆ ಒತ್ತಿದರು. ಪ್ರಾಣ ತೆತ್ತ 14 ಬಾಹ್ಯಾಕಾಶ ಯಾತ್ರಿಗಳ ಹೆಸರಿದ್ದ ಫಲಕವನ್ನೂ ಒಂದು ಪುಟ್ಟ ಅಲ್ಯೂಮಿನಿಯಂ ಮೂರ್ತಿಯನ್ನೂ ಮಣ್ಣಿನಲ್ಲಿ ಇಟ್ಟರು. ಅಮೆರಿಕ ಮತ್ತು ಸೋವಿಯತ್ ರಷ್ಯಾ ಪೈಪೋಟಿಯಲ್ಲಿದ್ದ ಕಾಲವದು. ಆದರೂ ಆ ಫಲಕದಲ್ಲಿ ಎರಡೂ ದೇಶದವರ ಹೆಸರುಗಳು ಒಟ್ಟಿಗಿವೆ. ಕೊನೆಗೆ ಗಾಡಿಯನ್ನು ನಿಲ್ಲಿಸಿ, ಅದರ ಮೇಲೆ ಕೆಂಪು ರಟ್ಟಿನ ಒಂದು ಚಿಕ್ಕ ಬೈಬಲ್ ಇಟ್ಟು ಬಂದರು. ಅದು ಇಂದಿಗೂ ಅಲ್ಲಿದೆ. ಅದಕ್ಕೆ ಯಾರೂ ಬೆಲೆ ಕಟ್ಟಿಲ್ಲ.

ಲಕೋಟೆಗಳ ಹಗರಣ

ಇನ್ನು ನೋವಿನ ಭಾಗ. ಸ್ಕಾಟ್ ಅವರ ಉಡುಪಿನ ಜೇಬಿನಲ್ಲಿ ಯಾರ ಅನುಮತಿಯೂ ಇಲ್ಲದ 398 ಅಂಚೆ ಲಕೋಟೆಗಳಿದ್ದವು. ಹರ್ಮನ್ ಸೀಗರ್ ಎಂಬ ಜರ್ಮನಿಯ ಅಂಚೆಚೀಟಿ ವ್ಯಾಪಾರಿಯ ಜೊತೆ ಮೊದಲೇ ಮಾತಾಗಿತ್ತು. ಅವುಗಳಲ್ಲಿ 100 ಅವರಿಗೆ, ಪ್ರತಿಯಾಗಿ ಒಬ್ಬೊಬ್ಬ ಯಾತ್ರಿಗೂ ಸುಮಾರು 7,000 ಡಾಲರ್. ಮಕ್ಕಳ ಭವಿಷ್ಯಕ್ಕೆ ಎಂದು ಆ ಹಣವನ್ನು ಇಡುವ ಯೋಚನೆ ಅವರದಾಗಿತ್ತು. ನೌಕೆ ಮರಳಿದ ಕೆಲವೇ ತಿಂಗಳಲ್ಲಿ ಆ ಲಕೋಟೆಗಳು ಯುರೋಪಿನ ಮಾರುಕಟ್ಟೆಯಲ್ಲಿ ಒಂದಕ್ಕೆ 4,850 ಜರ್ಮನ್ ಮಾರ್ಕ್‌ನಂತೆ ಮಾರಾಟವಾದವು. ಸುದ್ದಿ ನಾಸಾಕ್ಕೆ ಮುಟ್ಟಿತು.

ಮೂವರೂ ಹಣ ಬೇಡವೆಂದು ಹಿಂತಿರುಗಿಸಿದರು. ಆದರೆ ಹೊತ್ತು ಮೀರಿತ್ತು. 1972ರಲ್ಲಿ ನಾಸಾ ಅವರಿಗೆ ಛೀಮಾರಿ ಹಾಕಿತು. ಅಪೊಲೊ 17ಕ್ಕೆ ಬದಲಿ ತಂಡವಾಗಿದ್ದ ಅವರನ್ನು ತೆಗೆದುಹಾಕಲಾಯಿತು. ಉಳಿದ ಲಕೋಟೆಗಳು ಸರ್ಕಾರದ ವಶವಾದವು. ಸೆನೆಟ್ ಸಮಿತಿಯ ಮುಂದೆ ಉತ್ತರ ಕೊಡಬೇಕಾಯಿತು. ಮೂವರಲ್ಲಿ ಒಬ್ಬರೂ ಮತ್ತೆಂದೂ ಬಾಹ್ಯಾಕಾಶಕ್ಕೆ ಹೋಗಲಿಲ್ಲ. ಆ ಪುಟ್ಟ ಮೂರ್ತಿಯ ಕಥೆಯೂ ಹೀಗೇ ತಿರುಗಿತು. ಅದನ್ನು ಮಾಡಿದ ಬೆಲ್ಜಿಯಂ ಕಲಾವಿದ ಪಾಲ್ ವಾನ್ ಹೊಯ್ಡೊಂಕ್ ಅದರ 950 ಪ್ರತಿಗಳನ್ನು ತಲಾ 750 ಡಾಲರಿಗೆ ಮಾರಲು ಹೊರಟಾಗ ನಾಸಾ ಆಕ್ಷೇಪಿಸಿತು. ಸತ್ತವರ ನೆನಪು ಸರಕಾಗಬಾರದು ಎಂಬುದು ಅಲ್ಲಿನ ಸಂಕಟ.

ನ್ಯಾಯವಾಗಿ ಹೇಳಬೇಕಾದ ಇನ್ನೊಂದು ಮಾತಿದೆ. 1983ರಲ್ಲಿ ಎಸ್‌ಟಿಎಸ್-8 ಎಂಬ ಬಾಹ್ಯಾಕಾಶ ಯಾನದಲ್ಲಿ ಸುಮಾರು 2 ಲಕ್ಷ 60 ಸಾವಿರ ಲಕೋಟೆಗಳನ್ನು ಒಯ್ದು ಮಾರಲು ಅಂಚೆ ಇಲಾಖೆ ಮತ್ತು ನಾಸಾ ತಾವೇ ಕೈಜೋಡಿಸಿದವು. ವರ್ಡನ್ ನ್ಯಾಯಾಲಯಕ್ಕೆ ಹೋದರು. ಅದೇ ವರ್ಷ ಸರ್ಕಾರ ವಶಪಡಿಸಿಕೊಂಡಿದ್ದ ಲಕೋಟೆಗಳನ್ನು ಹಿಂದಿರುಗಿಸಿತು. ಅಂದರೆ ಲಕೋಟೆ ಮಾರುವುದೇ ಪಾಪ ಎಂದಲ್ಲ. ಯಾರಿಗೂ ಹೇಳದೆ, ಹುದ್ದೆ ಕೊಟ್ಟ ಅವಕಾಶವನ್ನು ಮೊದಲೇ ಬೆಲೆ ಕುದುರಿಸಿ ಬಳಸಿಕೊಂಡದ್ದೇ ತಪ್ಪು.

ಗಡಿಯಾರಕ್ಕೆ ಏಕೆ ಮಾನ ಸಿಕ್ಕಿತು

ಬುಲೋವಾವನ್ನು ಒಯ್ಯಲೂ ಮೇಲಧಿಕಾರಿ ಡೀಕ್ ಸ್ಲೇಟನ್ ಅವರ ಒಪ್ಪಿಗೆ ಪಡೆದಿರಲಿಲ್ಲ ಎಂಬುದನ್ನು ಮರೆಮಾಚುವಂತಿಲ್ಲ. ಹಾಗಾದರೆ ವ್ಯತ್ಯಾಸ ಎಲ್ಲಿ? ಗಡಿಯಾರ ಅಲ್ಲಿ ಕೆಲಸ ಮಾಡಿತು. ಒಂದು ಉಪಕರಣ ಕೈಕೊಟ್ಟಾಗ ಅದರ ಜಾಗದಲ್ಲಿ ನಿಂತಿತು. ಸ್ಕಾಟ್ ಅದನ್ನು ನಲವತ್ತಕ್ಕೂ ಹೆಚ್ಚು ವರ್ಷ ಇಟ್ಟುಕೊಂಡಿದ್ದರು. 2012ರಲ್ಲಿ ಅಮೆರಿಕ ಒಂದು ಕಾನೂನು ತಂದು, ಮರ್ಕ್ಯುರಿ, ಜೆಮಿನಿ, ಅಪೊಲೊ ಯಾತ್ರಿಗಳು ತಮ್ಮ ಬಳಿ ಉಳಿಸಿಕೊಂಡ ಸಾಮಾನುಗಳು ಅವರದೇ ಎಂದು ಸ್ಪಷ್ಟಪಡಿಸಿತು. ಚಂದ್ರನ ಕಲ್ಲು ಮಣ್ಣು ಮಾತ್ರ ಅದಕ್ಕೆ ಹೊರತು. ಆಮೇಲೆಯೇ ಈ ಹರಾಜು ನಡೆದದ್ದು, ಅದೂ ಬಹಿರಂಗವಾಗಿ. ನಾಸಾ ಕೊಟ್ಟ ಒಮೆಗಾಗಳಾದರೋ ಸರ್ಕಾರದ ಸೊತ್ತು, ಅವು ಮಾರಾಟಕ್ಕಿಲ್ಲ.

ಗಡಿಯಾರದ ಜೊತೆ ಸ್ಕಾಟ್ ತಮ್ಮ ಸಹಿಯಿರುವ ಪತ್ರವನ್ನೂ ಕೊಟ್ಟರು. ಎಲ್ಲಿ, ಎಂದು, ಹೇಗೆ ಬಳಸಿದೆ ಎಂಬ ವಿವರ ಅದರಲ್ಲಿತ್ತು. ಹಳೆಯ ವಸ್ತುವಿನ ವ್ಯಾಪಾರದಲ್ಲಿ ಇದೇ ಪ್ರಾಣ. ಯಾರಿಂದ ಯಾರ ಕೈಗೆ ಬಂತು ಎಂಬ ಸರಪಳಿ ಕಡಿಯದೆ ಇದ್ದರೆ ಉಕ್ಕಿನ ತುಂಡಿಗೆ ಕೋಟಿ ಬೆಲೆ. ಕಡಿದರೆ ಗುಜರಿ. ಚಂದ್ರನ ಮೇಲೆ ಬಜ್ ಆಲ್ಡ್ರಿನ್ ಕಟ್ಟಿದ್ದ ಒಮೆಗಾ, ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯಕ್ಕೆ ಕಳಿಸುವಾಗ ಕಳೆದುಹೋಯಿತು. ಅದು ಇಂದು ಯಾವುದೋ ಮೇಜಿನ ಖಾನೆಯಲ್ಲಿ ಬಿದ್ದಿದ್ದರೂ ಸುಮ್ಮನೆ ಹೇಳಿದರೆ ಯಾರೂ ನಂಬರು.

ನಮ್ಮ ಮನೆಗಳ ಗಡಿಯಾರಗಳು

ಬುಲೋವಾಕ್ಕೂ ನಮಗೂ ಒಂದು ಎಳೆ ಇದೆ. 1875ರಲ್ಲಿ ನ್ಯೂಯಾರ್ಕಿನಲ್ಲಿ ಶುರುವಾದ ಆ ಕಂಪನಿಯನ್ನು 2008ರಲ್ಲಿ ಜಪಾನಿನ ಸಿಟಿಜನ್ ಕೊಂಡಿತು. ಅದೇ ಸಿಟಿಜನ್ ಸಹಯೋಗದಲ್ಲಿಯೇ 1961ರಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿ ಗಡಿಯಾರದ ಕಾರ್ಖಾನೆ ಆರಂಭವಾದದ್ದು. ಗಡಿಯ ಆಚೆಯ ನಮ್ಮ ಊರುಗಳಲ್ಲೂ ಅಜ್ಜಂದಿರ ಕೈಯಲ್ಲಿ ಇದ್ದದ್ದು ಎಚ್‌ಎಂಟಿಯೇ. ಮದುವೆಗೆ ಮಾವನವರು ಕೊಟ್ಟದ್ದು, ಮೊದಲ ಸಂಬಳದಲ್ಲಿ ಕೊಂಡದ್ದು. ಅದರಲ್ಲಿ ‘ಪೈಲಟ್’ ಎಂಬ ಹೆಸರಿನ ಕಪ್ಪು ಮುಖದ ಗಡಿಯಾರವೂ ಇತ್ತು. ಅದು ಕ್ರೋನೋಗ್ರಾಫ್ ಅಲ್ಲ, ಆದರೆ ಪೈಲಟ್ ಎಂಬ ಹೆಸರೇ ಒಂದು ಹೆಮ್ಮೆ. 2016ರಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸರ್ಕಾರ ತೀರ್ಮಾನಿಸಿತು. ಬುಲೋವಾ ತನ್ನ ಚಂದ್ರನ ಗಡಿಯಾರದ ಹೊಸ ಮಾದರಿಯನ್ನು ಮಾರುಕಟ್ಟೆಗೆ ತಂದದ್ದೂ ಅದೇ ವರ್ಷ.

ಇಂದು ಹಳೆಯ ಎಚ್‌ಎಂಟಿಗಳಿಗೆ ಒಳ್ಳೆಯ ಗಿರಾಕಿಗಳಿದ್ದಾರೆ. ಹಳೆಯ ಯಂತ್ರಕ್ಕೆ ಹೊಸದಾಗಿ ಬಣ್ಣ ಬಳಿದ ಮುಖ ಕೂಡಿಸಿ ‘ಅಸಲಿ’ ಎಂದು ಮಾರುವವರೂ ಇದ್ದಾರೆ. ಅಜ್ಜನ ಗಡಿಯಾರವನ್ನು ಮಾರುವುದು ತಪ್ಪಲ್ಲ. ಮಗಳ ಫೀಸು ಕಟ್ಟಲು, ಆಸ್ಪತ್ರೆಯ ಬಿಲ್ಲು ತೀರಿಸಲು ಮಾರಿದರೆ ಅಜ್ಜನೂ ಮೇಲಿನಿಂದ ಹರಸಿಯಾರು. ಆದರೆ ಮಾರುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳೋಣ. ಇದು ನಿಜವಾಗಿ ನನ್ನದೇ, ಅಥವಾ ಮನೆಯವರೆಲ್ಲರದೇ? ಇದರ ಬಗ್ಗೆ ನಾನು ಹೇಳುತ್ತಿರುವುದು ಸತ್ಯವೇ? ಈ ಮಾರಾಟವನ್ನು ಎಲ್ಲರಿಗೂ ತಿಳಿಯುವಂತೆ ಮಾಡಬಲ್ಲೆನೇ? ನಮ್ಮ ಚರ್ಚಿನ ಹಳೆಯ ದೀಪ, ಗಂಟೆ, ಮರದ ಪ್ರತಿಮೆಗಳಿಗೂ ಇದೇ ಪ್ರಶ್ನೆಗಳು ಸಲ್ಲುತ್ತವೆ. ಅವುಗಳ ಕಥೆ ಗೊತ್ತಿರುವ ಹಿರಿಯರು ಇರುವಾಗಲೇ ಬರೆದಿಟ್ಟುಕೊಳ್ಳುವುದು ನಮ್ಮ ಯುವಕೂಟ ಮಾಡಬಹುದಾದ ಕೆಲಸ.

ಲೂಕನ ಶುಭಸಂದೇಶದ 16ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ಸಣ್ಣ ವಿಷಯಗಳಲ್ಲಿ ಪ್ರಾಮಾಣಿಕರಾಗಿರುವ ಬಗ್ಗೆ ಹೇಳುತ್ತಾರೆ. ಒಂದು ಲಕೋಟೆಗಿಂತ ಸಣ್ಣದು ಇನ್ನೇನಿದೆ? ಚಂದ್ರನಷ್ಟು ದೂರ ಹೋಗಿ ಗೆದ್ದವರು ಜೇಬಿನಲ್ಲಿದ್ದ ಕಾಗದದ ಮುಂದೆ ಸೋತರು. ಆದರೆ ಸೋಲೇ ಕೊನೆಯಲ್ಲ. ಜೇಮ್ಸ್ ಇರ್ವಿನ್ 1972ರಲ್ಲಿ ನಾಸಾ ಬಿಟ್ಟು ‘ಹೈ ಫ್ಲೈಟ್’ ಎಂಬ ಸೇವಾಸಂಸ್ಥೆ ಕಟ್ಟಿದರು. ಚಂದ್ರನ ಬೆಟ್ಟಗಳ ನಡುವೆ 121ನೇ ಕೀರ್ತನೆಯನ್ನು ನೆನೆದಿದ್ದ ಅವರು, 1991ರಲ್ಲಿ ಹೃದಯಾಘಾತದಿಂದ ತೀರಿಕೊಳ್ಳುವವರೆಗೂ ದೇಶದೇಶ ಸುತ್ತಿ ಕ್ರಿಸ್ತನ ಬಗ್ಗೆ ಮಾತಾಡಿದರು. ಲಕೋಟೆಯ ಹಗರಣ ಅವರ ಚರಿತ್ರೆಯಲ್ಲಿ ಅಳಿಸದೆ ಉಳಿದಿದೆ. ಅದರಾಚೆಗಿನ ಹತ್ತೊಂಬತ್ತು ವರ್ಷಗಳೂ ಉಳಿದಿವೆ.

ಮುಂದಿನ ಸಭೆಗೆ ಬರುವಾಗ ನಿಮ್ಮ ಮನೆಯ ಒಂದು ಹಳೆಯ ವಸ್ತುವಿನ ಕಥೆಯನ್ನು ಹಿರಿಯರಿಂದ ಕೇಳಿ, ಬರೆದು ತನ್ನಿ. ಬೆಲೆ ಕೇಳಬೇಡಿ, ಕಥೆ ಕೇಳಿ. ದೇವರು ನಮ್ಮೆಲ್ಲರನ್ನೂ ಆಶೀರ್ವದಿಸಲಿ.