ಆಪರೇಶನ್‌ಗೆ ಕಾಯುವುದೂ ಚಿಕಿತ್ಸೆಯೇ

ನಾನು ಬುಸೈತೀನ್‌ನ ಆಸ್ಪತ್ರೆಯ ಔಷಧ ವಿಭಾಗದಲ್ಲಿ ಕೆಲಸ ಮಾಡುವವನು. ಕೆಲವು ವರ್ಷಗಳ ಹಿಂದೆ ಉಡುಪಿ ಕಡೆಯ ಒಬ್ಬರು ಐಸಿಯುನಲ್ಲಿದ್ದ ತಮ್ಮ ಭಾವನ ಬಗ್ಗೆ ಕೇಳಿದರು: “ಮೇದೋಜೀರಕ ಗ್ರಂಥಿ ಕೊಳೆಯುತ್ತಿದೆಯಂತೆ. ಹತ್ತು ದಿನ ಆಯಿತು. ಆಪರೇಶನ್ ಮಾಡದೆ ಸುಮ್ಮನೆ ಯಾಕೆ ನೋಡ್ತಿದ್ದಾರೆ ಮಾರಾಯ್ರೆ?” ಈ ಪ್ರಶ್ನೆಗೆ ನೂರು ವರ್ಷಕ್ಕೂ ಮಿಕ್ಕಿದ ಇತಿಹಾಸವಿದೆ.

ಆಹಾರ ಜೀರ್ಣಿಸುವ ಕಿಣ್ವಗಳು ಕರುಳನ್ನು ತಲುಪುವ ಮೊದಲೇ ಚುರುಕಾಗಿ ಗ್ರಂಥಿಯನ್ನೇ ಹಾಳುಮಾಡುವುದು ಪ್ಯಾಂಕ್ರಿಯಾಟೈಟಿಸ್. ಪಿತ್ತಕೋಶದ ಕಲ್ಲು ಮತ್ತು ಮದ್ಯ ಇದರ ಮುಖ್ಯ ಕಾರಣಗಳು. ಹೆಚ್ಚಿನವರು ಕೆಲವೇ ದಿನಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ತೀವ್ರವಾದರೆ ಶ್ವಾಸಕೋಶ, ಮೂತ್ರಪಿಂಡಗಳೂ ಸೋಲುತ್ತವೆ.

1889ರಲ್ಲಿ ಬಾಸ್ಟನ್‌ನ ರೆಜಿನಾಲ್ಡ್ ಫಿಟ್ಜ್ ಈ ರೋಗವನ್ನು ಸ್ಪಷ್ಟವಾಗಿ ವಿವರಿಸಿ, ಆರಂಭದಲ್ಲೇ ಆಪರೇಶನ್ ಮಾಡುವುದು ಅಪಾಯ ಎಂದರು. 1925ರಲ್ಲಿ ಇಂಗ್ಲೆಂಡಿನ ಹೆಸರಾಂತ ಸರ್ಜನ್ ಮೊಯ್ನಿಹಾನ್, ಬೇಗನೆ ಆಪರೇಶನ್ ಮಾಡಬೇಕು ಎಂದರು. ಮುಂದೆ ರಕ್ತದ ಅಮೈಲೇಸ್ ಪರೀಕ್ಷೆ ಬಂದು, ಹೊಟ್ಟೆ ತೆರೆಯದೆಯೇ ರೋಗ ಪತ್ತೆಯಾಗತೊಡಗಿತು. ಆಪರೇಶನ್ ಇಲ್ಲದೆ ಎಷ್ಟೋ ಜನ ಗುಣವಾಗುವುದು ಆಗ ತಿಳಿಯಿತು. ಆದರೆ ತೀವ್ರ ರೋಗಿಗಳ ವಿಷಯದಲ್ಲಿ ವಾದ ಮುಗಿಯಲಿಲ್ಲ.

1997ರಲ್ಲಿ ಮೆಕ್ಸಿಕೋದ ವೈದ್ಯರು ಎರಡನ್ನೂ ಹೋಲಿಸಿ ನೋಡಿದರು. ಎರಡು ಮೂರು ದಿನಗಳೊಳಗೆ ಆಪರೇಶನ್ ಆದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ತೀರಿಕೊಂಡರು. ಹನ್ನೆರಡು ದಿನ ಕಾದವರಲ್ಲಿ ಸಾವು ಕಾಲುಭಾಗದಷ್ಟು. ರೋಗಿಗಳ ಸಂಖ್ಯೆ ಚಿಕ್ಕದಿದ್ದರೂ ಅಧ್ಯಯನವನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು.

ಕುರು ಹಣ್ಣಾಗುವ ಮೊದಲು ಒತ್ತಬಾರದು ಎನ್ನುತ್ತಿದ್ದರು ನಮ್ಮ ಹಿರಿಯರು. ಇಲ್ಲಿಯೂ ಹಾಗೆಯೇ. ಮೊದಲ ದಿನಗಳಲ್ಲಿ ಸತ್ತ ಭಾಗ, ಜೀವಂತ ಭಾಗ ಬೇರೆಯಾಗಿರುವುದಿಲ್ಲ, ಕೈಹಾಕಿದರೆ ರಕ್ತಸ್ರಾವ. ಸುಮಾರು ನಾಲ್ಕು ವಾರಗಳಲ್ಲಿ ಕೊಳೆತದ್ದರ ಸುತ್ತ ಗೋಡೆ ಕಟ್ಟುತ್ತದೆ. 2010ರಲ್ಲಿ ನೆದರ್ಲೆಂಡ್ಸ್‌ನ ವೈದ್ಯರು, ಮೊದಲು ಸಣ್ಣ ಕೊಳವೆಯಿಂದ ಕೀವು ಹರಿಸಿ, ಸಾಲದಿದ್ದರೆ ಮಾತ್ರ ಮುಂದಿನ ಹೆಜ್ಜೆ ಇಡುವ ಕ್ರಮವೇ ಮೇಲು ಎಂದು ತೋರಿಸಿದರು. 2021ರಲ್ಲಿ ಅಲ್ಲಿಂದಲೇ ಇನ್ನೊಂದು ವರದಿ ಬಂತು: ಸೋಂಕು ತಗಲಿದ ಮೇಲೂ ಕೊಳವೆ ಹಾಕದೆ ಕಾದವರಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಜನರಿಗೆ ಆಂಟಿಬಯೋಟಿಕ್ ಒಂದೇ ಸಾಕಾಯಿತು.

ಕಾಯುವುದೆಂದರೆ ಕೈಕಟ್ಟಿ ಕೂರುವುದಲ್ಲ. ನೋವಿಗೆ ಔಷಧ, ರಕ್ತನಾಳದ ಮೂಲಕ ದ್ರವ, ಆದಷ್ಟು ಬೇಗ ಆಹಾರ, ಗಳಿಗೆ ಗಳಿಗೆಗೂ ನಿಗಾ ಬೇಕು. ದ್ರವದಲ್ಲೂ ಅವಸರ ಸಲ್ಲದು. ಭಾರತದ ರೋಗಿಗಳೂ ಸೇರಿದ್ದ 2022ರ ಅಧ್ಯಯನದಲ್ಲಿ, ಧಾರಾಳವಾಗಿ ದ್ರವ ಕೊಟ್ಟವರಲ್ಲಿ ನೂರಕ್ಕೆ 20 ಮಂದಿಗೆ ಅದು ಮಿತಿಮೀರಿ ತೊಂದರೆಯಾಯಿತು. ಹಿತಮಿತವಾಗಿ ಕೊಟ್ಟವರಲ್ಲಿ ನೂರಕ್ಕೆ ಆರು ಮಂದಿಗೆ ಮಾತ್ರ. ಆದರೆ ಪಿತ್ತನಾಳದಲ್ಲಿ ಕಲ್ಲು ಸಿಕ್ಕಿ ಸೋಂಕಾದರೆ ಕಾಯುವಂತಿಲ್ಲ. ಕೂಡಲೇ ಎಂಡೋಸ್ಕೋಪಿಯಿಂದ ದಾರಿ ಬಿಡಿಸಬೇಕು.

ಆ ಭಾವನಿಗೆ ಐದನೇ ವಾರ ಕೊಳವೆ ಹಾಕಿದರು. ಹೊಟ್ಟೆ ಕೊಯ್ಯದೆ ಮನೆಗೆ ಹೋದರು. ಆದರೆ ನೋವು ಶುರುವಾದಾಗ ಅವರು ರೂಮಿನಲ್ಲಿ ಗ್ಯಾಸಿನ ಮಾತ್ರೆ ನುಂಗುತ್ತಾ ಎರಡು ದಿನ ಕಳೆದಿದ್ದರು. ರಜೆ ಸಿಗುವುದಿಲ್ಲ, ಖರ್ಚು ಎಂದು ನಮ್ಮವರಲ್ಲಿ ಎಷ್ಟೋ ಜನ ಹೀಗೆಯೇ ಮಾಡುತ್ತೇವೆ. ಹೊಟ್ಟೆಯ ಮೇಲ್ಭಾಗದಲ್ಲಿ ಸಹಿಸಲಾಗದ ನೋವು ಬಂದು ಬೆನ್ನಿಗೆ ಹರಡಿದರೆ, ಜೊತೆಗೆ ವಾಂತಿಯಾದರೆ, ದಯವಿಟ್ಟು ಆಗಲೇ ಆಸ್ಪತ್ರೆಗೆ ಹೋಗಿ. ಯಾವುದಕ್ಕೆ ಎಷ್ಟು ದಿನ ಕಾಯಬೇಕೆಂಬುದನ್ನು ವೈದ್ಯರು ಅಲ್ಲಿ ನಿರ್ಧರಿಸಲಿ.